ಹತ್ತು ವರ್ಷದ ಹರಕೆ

ನಮ್ಮ ಶ್ರಾವ್ಯಾಳಿಗೆ ಸೀಟು ಸಿಕ್ಕಿತು!

ಮೊದಲು ಇಷ್ಟು ಓದಿಬಿಡಿ, ಹಿಂದುಮುಂದು ಆಮೇಲೆ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ, ಕಾರ್ಖಾನೆಗಳಿರುವ ಎಂಐಡಿಸಿ ಕಡೆಯ ದೊಡ್ಡ ಇಂಗ್ಲಿಷ್ ಶಾಲೆ, ಒಂದನೇ ಕ್ಲಾಸು, ಫೀಸಿಲ್ಲ. "ಅಜ್ಜಿ, ಮಾಝಾ ನಂಬರ್ ಲಾಗ್ಲಾ!" ಎಂದು ಮೊಮ್ಮಗಳು ಎಲ್ಲರೆದುರೇ ಕುಣಿದಳು. (ನನ್ನ ನಂಬರ್ ಬಂತು ಎಂದು. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಮರಾಠಿಯಲ್ಲೇ.) ನಾನೂ ಕುಣಿಯುತ್ತಿದ್ದೆ, ಆದರೆ ಹೆದರಿಕೆ ಇನ್ನೂ ಬಿಟ್ಟಿರಲಿಲ್ಲ.

ಈ ಹೆದರಿಕೆ ಶುರುವಾಗಿ ತಿಂಗಳಾಯಿತು. ಮಗ ಹರೀಶ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ದೊಡ್ಡ ಶಾಲೆಗಳು ಕಾಲುಭಾಗ ಸೀಟನ್ನು ನಮ್ಮಂಥವರ ಮಕ್ಕಳಿಗೆ ಕೊಡಬೇಕಂತೆ, ಕೇಳುವವರು ಹೆಚ್ಚಾದರೆ ಚೀಟಿ ಎತ್ತುತ್ತಾರಂತೆ ಎಂದು ಸುದ್ದಿ ತಂದ. ನಮ್ಮ ಚೀಟಿ ಯಾವತ್ತು ಮೇಲೆ ಬಂದಿದೆ?

ಟಿಟ್ವಾಳಾ ಗಣಪತಿಗೆ ಹರಕೆ ಹೊತ್ತೆ. ಸೀಟು ಸಿಗುವವರೆಗೆ ಅನ್ನ ಮುಟ್ಟುವುದಿಲ್ಲ. ಕುಚ್ಚಲಕ್ಕಿ ಗಂಜಿಯಲ್ಲಿ ಬೆಳೆದ ಉಡುಪಿ ಕಡೆಯ ಹೆಂಗಸು ಬರೀ ಚಪಾತಿಯಲ್ಲಿ ದಿನ ದೂಡುವುದು ಸಣ್ಣ ಶಿಕ್ಷೆಯೇ?

ಕೆಳಗಿನ ಮನೆಯ ದೇಸಾಯಿ ಮಾಸ್ತರರು (ಧಾರವಾಡದವರು, ರಿಟೈರ್ ಆಗಿದ್ದಾರೆ) ಕೇಳಿ ನಕ್ಕರು. "ಅಲ್ರೀ ಅಕ್ಕಾರ, ಶಾಲಿ ಕಲಿಯೂದು ಈಗ ಸಂವಿಧಾನದಾಗಿನ ಹಕ್ಕದ. ಹಕ್ಕ ಇದ್ದದ್ದಕ್ಕ ಯಾರರ ಹರಕಿ ಹೊರತಾರೇನ್ರಿ?"

"ಹಕ್ಕಾದ್ರೆ ಚೀಟಿ ಎಂತಕ್ಕೆ ಎತ್ತುದು ಮಾಸ್ತ್ರೇ?"

ಅವರ ನಗು ನಿಂತಿತು. "ಅದೂ ಖರೇನ" ಎಂದು ಕೂತು, ಹಳೆಯ ಕಥೆ ಹೇಳಿದರು. ಸಂವಿಧಾನ ಬರೆದಾಗ ಇದು ಹಕ್ಕೇ ಆಗಿರಲಿಲ್ಲವಂತೆ. ಹದಿನಾಲ್ಕು ತುಂಬುವವರೆಗೆ ಎಲ್ಲ ಮಕ್ಕಳಿಗೂ ಪುಕ್ಕಟೆ ಓದು ಕೊಡಲು ಹತ್ತು ವರ್ಷದೊಳಗೆ ಸರಕಾರ ಪ್ರಯತ್ನಿಸಬೇಕು ಎಂದಷ್ಟೇ ಬರೆದಿದ್ದರಂತೆ. ಕೊಡದಿದ್ದರೆ? ಕೋರ್ಟಿಗೆ ಹೋಗುವಂತಿಲ್ಲ. ಐವತ್ತು ವರ್ಷ ದಾಟಿದ ಮೇಲೆ ತಿದ್ದುಪಡಿ ಮಾಡಿ ಹಕ್ಕು ಎಂದರು. ಜಾರಿಗೆ ಬರಲು ಮತ್ತಷ್ಟು ವರ್ಷ.

ನಾನು ಮೂರನೇ ಕ್ಲಾಸು ಬಿಟ್ಟು ಅಮ್ಮನ ಪಕ್ಕ ಬೀಡಿ ಕಟ್ಟಲು ಕೂತದ್ದು ಆ ಹತ್ತು ವರ್ಷ ಮುಗಿಯುತ್ತಿದ್ದಾಗಲೇ! ಅಂದರೆ ನನ್ನ ಹೆಸರಿನಲ್ಲಿ ದೇಶವೇ ಒಂದು ಹರಕೆ ಹೊತ್ತಿತ್ತು. ನನಗೆ ಯಾರೂ ಹೇಳಲೇ ಇಲ್ಲ. ತೀರಿಸದ ಹರಕೆ ಮಕ್ಕಳು ಮೊಮ್ಮಕ್ಕಳನ್ನು ಕಾಡುತ್ತದೆ ಎನ್ನುತ್ತಾರೆ ನಮ್ಮ ಊರಲ್ಲಿ. ಶ್ರಾವ್ಯಾಳನ್ನೂ ಕಾಡಿದರೆ?

ಈ ಭಯ ಹೊತ್ತುಕೊಂಡೇ ಚೀಟಿ ಎತ್ತುವಲ್ಲಿಗೆ ಹೋದೆ. ಡಬ್ಬಿಗೆ ಕೈ ಹಾಕುತ್ತಾರೆ, ಹೆಸರು ಕೂಗುತ್ತಾರೆ, ಯಾರದೋ ತಾಯಿ ಅಳುತ್ತಾಳೆ. ಸಿಕ್ಕಿದವಳೂ ಅಳುತ್ತಾಳೆ, ಸಿಗದವಳೂ ಅಳುತ್ತಾಳೆ. ನಾನು ಕಣ್ಣು ಮುಚ್ಚಿ ಸೊಸೆ ಸುಜಾತಾಳ ಕೈ ಹಿಡಿದಿದ್ದೆ.

"ಅತ್ತೆ, ಬೆರಳು ಮುರೀತೀರಾ ಹೇಗೆ?" ಎಂದಳು ಅವಳು. ಅಷ್ಟರಲ್ಲಿ ಕೂಗಿದರು. ಕೊನೆಯಿಂದ ಎರಡನೇ ಚೀಟಿ ನಮ್ಮದು!

ಹೊರಗೆ ಬರುವಾಗ ಗೇಟಿನ ಹತ್ತಿರ ಒಬ್ಬಳು ಅಜ್ಜಿ ಮೊಮ್ಮಗನನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು. ಅವಳ ಚೀಟಿ ಡಬ್ಬಿಯಲ್ಲೇ ಉಳಿದಿತ್ತು. ಅವಳೂ ಯಾವುದಾದರೂ ದೇವರಿಗೆ ಹೇಳಿಕೊಂಡಿರಲಿಕ್ಕಿಲ್ಲವೇ? ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಸಂಜೆ ಹರೀಶ ಹೋಟೆಲಿನಿಂದ ಬೇಗ ಬಂದ. ನಾಲ್ವರೂ ನೆಲದ ಮೇಲೆ ಸುತ್ತ ಕೂತೆವು. ಕುಚ್ಚಲಕ್ಕಿ ಅನ್ನ, ಬಸಳೆ ಸಾರು. ಆದರೂ ನನ್ನ ಕೈ ತಟ್ಟೆಯಲ್ಲೇ ನಿಂತಿತ್ತು. ಕಾರಿನಲ್ಲಿ ಬರುವ ದುಡ್ಡಿನವರ ಮಕ್ಕಳ ನಡುವೆ ಇವಳನ್ನು ಬೇರೆ ಬೆಂಚಿನಲ್ಲಿ ಕೂರಿಸಿದರೆ? ಎಂಟನೇ ಕ್ಲಾಸಿನವರೆಗೆ ಮಾತ್ರ ಪುಕ್ಕಟೆಯಂತಲ್ಲ, ಆಮೇಲೆ?

"ಅಮ್ಮ, ಸೀಟ್ ಸಿಕ್ಕಿತಲ್ಲ, ಇನ್ನೆಂತ ಹೆದರಿಕೆ? ಉಣ್ಣು ಒಮ್ಮೆ" ಎಂದ ಮಗ. "ಅಜ್ಜಿ, ಜೇವ್ ನಾ!" ಎಂದಳು ಮೊಮ್ಮಗಳು.

ಉಂಡೆ. ಎರಡು ಸಲ ಬಡಿಸಿಕೊಂಡು ಉಂಡೆ. ಆದರೆ ಇವಳು ಒಂಬತ್ತನೇ ಕ್ಲಾಸಿಗೆ ಬರುವಾಗ ನಾನು ಮತ್ತೆ ಅನ್ನ ಬಿಡಬೇಕಾ, ಗೊತ್ತಿದ್ದವರು ಹೇಳಿ?