ವಾಲಿದ ಗೋಡೆಯ ಕಿಟಕಿ

ನಮ್ಮ ಸೌದೆ ಕೊಟ್ಟಿಗೆಯ ಗೋಡೆ ಹೊರಕ್ಕೆ ವಾಲಿದೆ. ಎರಡು ಸಿಲ್ವರ್ ಓಕ್ ಕಂಬಗಳನ್ನು ಓರೆಯಾಗಿ ಒತ್ತುಕೊಟ್ಟು ಅದನ್ನು ನಿಲ್ಲಿಸಿದವನು ನಾನೇ; ಬಂದ ನೆಂಟರೆಲ್ಲ ಕಾಫಿ ಕುಡಿಯುವ ಮೊದಲೇ ಅದರ ಯೋಗಕ್ಷೇಮ ವಿಚಾರಿಸುವುದರಿಂದ, ಊರುಗೋಲು ಹಿಡಿದ ಆ ಗೋಡೆಗಿಂತ ನನಗೇ ಹೆಚ್ಚು ಸಂಕೋಚ. ಮಳೆಗಾಲ ಮುಗಿಯಲಿ, ಕೆಡವಿ ಕಟ್ಟಿಸುತ್ತೇನೆ ಎನ್ನುತ್ತಲೇ ನಾಲ್ಕು ಮಳೆಗಾಲ ಕಳೆದಿದ್ದೇನೆ.

ಇಂಥ ಗೋಡೆಯ ಒಡೆಯನ ಮನೆಗೆ ಪಾಶ್ಚಾತ್ಯ ವಾಸ್ತುಶಿಲ್ಪದ ಪ್ರಾಚೀನ ಹಾಗೂ ಮಧ್ಯಯುಗೀನ ಇತಿಹಾಸವು ಪ್ರವೇಶಿಸಿದ್ದು ನನ್ನ ಮಡದಿ ಗಿರಿಜೆಯ ಕೈಚೀಲದಲ್ಲಿ. ಶನಿವಾರಸಂತೆಯ ಎಂಜಿನಿಯರೊಬ್ಬರ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಂಡವರ ಮನೆಗಳ ನಕ್ಷೆ ಬರೆದ ಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ, ಅವಳಿಗೆ ಡಿಪ್ಲೊಮಾ ಮಾಡುವ ಆಸೆಯಾಯಿತು. ಉಳಿದ ವಿಷಯಗಳನ್ನು ಸಲೀಸಾಗಿ ದಾಟಿದವಳು ಇದೊಂದರಲ್ಲಿ ಎರಡು ಸಲ ಡುಮ್ಕಿ ಹೊಡೆದಳು. "ಈ ಸಲಾನೂ ಹೋದ್ರೆ ಪುಸ್ತಕ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕ್ತೀನಿ ಕಣ್ರೀ" ಎಂದಳು. ಯಾವತ್ತೂ ಸೋಲೊಪ್ಪದವಳ ಆ ದನಿ ನನಗೆ ಸಹಿಸಲಾಗಲಿಲ್ಲ.

ನಾನು ಎಸ್ಟೇಟಿನಲ್ಲಿ ರೈಟರ್. ಹಾಗೆಂದರೆ ಸಾಹಿತಿಯೆಂದು ಗೌರವಿಸಬೇಡಿ, ಆಳುಗಳ ಹಾಜರಿ ಬರೆಯುವವ ಅಷ್ಟೇ. ಪಾಠ ಒಪ್ಪಿಸಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗ ನನಗೆ ಗೊತ್ತಿದ್ದುದೂ ಅದೊಂದೇ ವಿಧಾನ: ಸಂಜೆ ಜಗುಲಿಯಲ್ಲಿ ಕುಳಿತು ಗ್ರೀಸಿನ ಕಂಬಗಳ ಹಾಜರಿ ಕರೆದೆ. ಡೋರಿಕ್ ಎಂದರೆ ಅವಳು ಅಕ್ಕಿ ಆರಿಸುತ್ತಲೇ "ಹಾಜರ್, ಬೋಳುತಲೆ" ಎನ್ನುವಳು. ಅಯೋನಿಕ್ಕಿಗೆ ಎರಡು ಸುರುಳಿ, ಕೊರಿಂಥಿಯನ್ನಿಗೆ ಎಲೆಗಳ ಮುಡಿ. ರೋಮಿನ ಕಮಾನುಗಳೂ ಶಿಸ್ತಾಗಿ ಬಂದು ನಿಂತವು. ಗೈರುಹಾಜರಾದದ್ದು, ಗಾಥಿಕ್ ಚರ್ಚುಗಳ ಎತ್ತರದ ಗೋಡೆಗೆ ಹೊರಗಿನಿಂದ ಆಸರೆ ಕೊಡುವ, ಫ್ಲೈಯಿಂಗ್ ಬಟ್ರೆಸ್ ಎಂಬ ಕಲ್ಲಿನ ಓರೆಗಾಲು ಮಾತ್ರ. ಅದರ ವ್ಯಾಖ್ಯೆ ಬಾಯಿಪಾಠವಿತ್ತು; ಅದು ಏಕೆ ಬೇಕು ಎಂದರೆ ಮತ್ತೆ ಅದೇ ವ್ಯಾಖ್ಯೆ ಒಪ್ಪಿಸುವಳು. ಎರಡು ಸಲವೂ ಅವಳು ಎಡವಿದ್ದು ಅಲ್ಲೇ.

ಒಂದು ಸಂಜೆ ಸೌದೆ ತರಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ನನ್ನ ಓಕ್ ಕಂಬದ ಮೇಲೆ ಅಂಗೈಯಿಟ್ಟು ನಿಂತಿದ್ದಾಳೆ.

"ರೀ, ಮಾಡಿನ ಭಾರ ಗೋಡೆನ ಹೊರಕ್ಕೆ ದಬ್ತಿದೆ, ನೀವು ಹೊರಗಿಂದ ತಡೆದಿದ್ದೀರ. ಆ ಚರ್ಚ್ ಕಟ್ಟಿದವರೂ ಇದನ್ನೇ ಮಾಡಿದ್ದು! ಭಾರ ಹೊರಗಿನ ಕಾಲಿಗೆ ಹೋದ್ಮೇಲೆ ಗೋಡೆ ದಪ್ಪ ಇರಬೇಕಾಗಿಲ್ಲ, ಎಷ್ಟು ದೊಡ್ಡ ಕಿಟಕಿ ಬೇಕಾದ್ರೂ ಇಡಬಹುದು."

ನಾಲ್ಕು ವರ್ಷ ನನ್ನನ್ನು ನಾಚಿಸಿದ ಕಂಬಗಳು ಹೀಗೆ ನಿಂತಲ್ಲೇ ಯುರೋಪಿನ ಬೀಗರಾದವು. ಬೆಳಗಿದ ಅವಳ ಮುಖ ನೋಡಿ ನನಗೆ ಕಣ್ಣು ತುಂಬಿತು. ಸೌದೆಯ ಧೂಳು ಎಂದೆ.

ಪರೀಕ್ಷೆಯ ದಿನ ಹಾಸನದಲ್ಲಿ ಮೂರು ಗಂಟೆ ಕಾಂಪೌಂಡಿನ ಹೊರಗೆ ನಿಂತಿದ್ದೆ. ಒಳಗೆ ನನಗೇನು ಕೆಲಸ, ಹೇಳಿ? ಹೊರಗೆ ನಿಲ್ಲುವುದೂ ಒಂದು ಕೆಲಸವೆಂದು ಅಷ್ಟರಲ್ಲಿ ಕಲಿತಿದ್ದೆ. ಗಿರಿಜೆ ಪಾಸಾದಳು.

ಕೊಟ್ಟಿಗೆ ಕೆಡವುವ ಮಾತು ಈಗ ನಮ್ಮಲ್ಲಿಲ್ಲ. ಸೌದೆಯನ್ನು ಬೇರೆಡೆಗೆ ಸಾಗಿಸಿ, ಎರಡು ಕಂಬಗಳ ನಡುವೆ ದೊಡ್ಡದೊಂದು ಕಿಟಕಿ ಇಡಿಸಿ, ಅದರ ಬೆಳಕಿನಲ್ಲಿ ಅವಳು ತನ್ನ ಹೆಸರು ಹಾಕುವ ಮೊದಲ ನಕ್ಷೆ ಬರೆಯುತ್ತಿದ್ದಾಳೆ. ನೆಂಟರು ಈಗಲೂ ಗೋಡೆ ವಾಲಿದೆಯಲ್ಲ ಎನ್ನುತ್ತಾರೆ. ಹೌದು, ಒಳಗೆ ಬಂದು ಕಿಟಕಿ ನೋಡಿ ಎನ್ನುತ್ತೇನೆ.