ಗುಂಡು ಹಾರಿಸದವರ ಪದಕ

ನನ್ನ ಎದೆಯ ಮೇಲೆ ಅಂಗಿಯ ಗುಂಡಿಗಳ ಹೊರತು ಬೇರೇನೂ ಇದುವರೆಗೆ ಹೊಳೆದಿಲ್ಲ. ಅವುಗಳಲ್ಲೂ ಒಂದೊಂದು ಆಗಾಗ ಲೋಕಲ್ ಟ್ರೇನಿನ ಪಾಲಾಗುತ್ತದೆ. ಹಾಗಾಗಿ ಪದಕ ಧರಿಸಿದವರನ್ನು ಕಂಡರೆ ನನಗೆ ಗೌರವ, ಜೊತೆಗೆ ತುಸು ಹೊಟ್ಟೆಕಿಚ್ಚು.

ಗೋರೆಗಾಂವಿನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯಲ್ಲಿದ್ದ ದಸ್ತಗೀರ್ ಸಾಹೇಬರ ಹತ್ತಿರ ಅಂಥದ್ದೊಂದಿತ್ತು. ವಿಜಾಪುರದ ಕಡೆಯವರು, ಹವಾಲ್ದಾರರಾಗಿ ನಿವೃತ್ತರಾಗಿ ಕಾಂದಿವಲಿಯ ಕಾರ್ಖಾನೆಯೊಂದರ ಗೇಟು ಕಾಯುತ್ತಿದ್ದರು. ಎಪ್ಪತ್ತೊಂದರ ಯುದ್ಧ ಮುಗಿದ ಹೊಸತು. ಮಾಟುಂಗದ ನಮ್ಮ ಕನ್ನಡ ಸಂಘ ಯೋಧರಿಗೆ ಶಾಲು ಹೊದಿಸಲು ಹೊರಟಿತ್ತು. ನಾನು ಸಮಿತಿಯ ಸದಸ್ಯ, ಅಂದರೆ ಕುರ್ಚಿ ಜೋಡಿಸುವವರಲ್ಲೊಬ್ಬ. ಧೈರ್ಯ ಮಾಡಿ ಸಾಹೇಬರ ಹೆಸರು ಸೂಚಿಸಿ, ಅವರನ್ನು ಕಾರ್ಯದರ್ಶಿ ಶ್ರೀಧರ ರಾಯರ ಬಳಿ ಕರೆದೊಯ್ದೆ.

ರಾಯರು ಪದಕವನ್ನು ತಿರುವಿ ನೋಡಿದರು. ಕಂಚಿನ ಬಿಲ್ಲೆ. ಅದರಲ್ಲಿ ಖಡ್ಗವಿಲ್ಲ, ಸಿಂಹವಿಲ್ಲ. ಎರಡು ಎಲೆಗೊಂಚಲುಗಳ ನಡುವೆ ಇಡೀ ಭೂಮಂಡಲ. ಹಿಂದೆ, ಶಾಂತಿಯ ಸೇವೆಯಲ್ಲಿ ಎಂಬರ್ಥದ ಇಂಗ್ಲಿಷ್ ಅಕ್ಷರಗಳು. ರಿಬ್ಬನ್ನು ಮರಳಿನ ಬಣ್ಣದ್ದು, ನಡುವೆ ತಿಳಿನೀಲಿ ಪಟ್ಟೆ, ಜೊತೆಗೆ ಸಣ್ಣ ಹಸಿರು ಗೆರೆ, ಕಡುನೀಲಿ ಗೆರೆ.

"ಮರಳು ಅಂದ್ರ ಅಲ್ಲಿಯ ಮರುಭೂಮಿ. ತಿಳಿನೀಲಿ ನಾನಾ ದೇಶದವರು ಕೂಡಿದ ನಮ್ಮ ಶಾಂತಿಪಡೆದು. ಗಾಜಾದಾಗಿದ್ದೆ ನಾನು," ಎಂದರು ಸಾಹೇಬರು.

"ಇದು ಯಾವ ಪರಾಕ್ರಮಕ್ಕೆ ಕೊಟ್ಟದ್ದು ಸಾಹೇಬ್ರೆ?" ಎಂದು ಕೇಳಿದರು ರಾಯರು.

"ಪರಾಕ್ರಮಕ್ಕಲ್ರೀ. ಅಲ್ಲಿ ಮೂರು ತಿಂಗಳು ಡ್ಯೂಟಿ ಮಾಡಿದವರಿಗೆಲ್ಲ ಕೊಡ್ತಾರ. ಕರ್ನಲ್‌ಗೂ ಇದs, ಅಡಗಿಯವಗೂ ಇದs."

ರಾಯರ ಮುಖ ಇಳಿಯಿತು. ಅಡಿಗೆಯವನಿಗೂ ಸಿಗುವ ಪದಕಕ್ಕೆ ಶಾಲೇ? "ನೀವು ಬನ್ನಿ, ಮುಂದಿನ ಸಾಲಲ್ಲಿ ಕೂತ್ಕೊಳ್ಳಿ," ಎಂದು ನಯವಾಗಿ ಮುಗಿಸಿದರು. ನನಗೆ ಮುಖ ಎತ್ತಲಾಗಲಿಲ್ಲ. ಸಾಹೇಬರು ಮಾತ್ರ ಪದಕವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, "ನಡೀರಿ, ಚಹಾ ಕುಡಿಯೋಣು," ಎಂದರು.

ಚಹಾ ಕುಡಿಯುತ್ತ ಅವರು ಹೇಳಿದ್ದು ಇದು. ಗಾಜಾದಲ್ಲಿ ಎರಡು ದೇಶಗಳ ನಡುವೆ ಗಡಿಗೆಂದು ಉದ್ದಕ್ಕೂ ಒಂದು ಕಂದಕ ತೋಡಿದ್ದರು. ಒಂದು ದಿನ ಮುದುಕಿಯೊಬ್ಬಳ ಆಡುಗಳು ಅದನ್ನು ದಾಟಿದವು. ಹಿಂದೆಯೇ ಮುದುಕಿಯೂ ದಾಟಿದಳು. ಆ ಕಡೆ ಬಂದೂಕುಗಳು ಎದ್ದವು, ಈ ಕಡೆಯೂ ಎದ್ದವು. ಸಾಹೇಬರು ತಮ್ಮ ಬಂದೂಕನ್ನು ಜೊತೆಗಾರನ ಕೈಗೆ ಕೊಟ್ಟು, ತಲೆಯ ನೀಲಿ ಟೋಪಿಯನ್ನು ಕೈಯಲ್ಲೆತ್ತಿ ಹಿಡಿದು, ಬಯಲಿನ ನಡುವೆ ನಡೆದರು.

"ಅಂಜಿಕಿ ಆಗಲಿಲ್ಲೇನ್ರೀ?" ಎಂದೆ.

"ಆಗಿತ್ತರೀ! ಆದ್ರ ಆ ಮುದುಕಿಗಿ ನನ್ನ ಅಂಜಿಕಿ ಕಾಣಲಿಲ್ಲ. ಒಂದು ಮರಿ ಎತ್ತಿ ನನ್ನ ಕೈಯಾಗ ಇಟ್ಟು, ನಡಿ ಅಂದಂಗ ಕೈ ಮಾಡಿದ್ಲು."

ಮರಿ ಹೊತ್ತ ಹವಾಲ್ದಾರರು, ಹಿಂದೆ ಬೈಯುತ್ತ ಬಂದ ಮುದುಕಿ. ಎರಡೂ ಕಡೆಯ ಬಂದೂಕುಗಳು ಕೆಳಗಿಳಿದವಂತೆ.

ಸಮಾರಂಭದ ದಿನ ಮೊದಲ ಶಾಲು ಬಸವರಾಜ ಎಂಬ ಗೋಕಾಕದ ಜವಾನನಿಗೆ. ಯುದ್ಧದಲ್ಲಿ ಕಾಲಿಗೆ ಪೆಟ್ಟಾಗಿ ಊರುಗೋಲು ಹಿಡಿದಿದ್ದ. ವೇದಿಕೆಯಿಂದಲೇ ಅವನ ಕಣ್ಣು ಮುಂದಿನ ಸಾಲಿನಲ್ಲಿದ್ದ ಸಾಹೇಬರ ಎದೆಯ ಪದಕದ ಮೇಲೆ ಬಿತ್ತು. ತಟ್ಟನೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. "ಸಾಬ್, ಮ್ಯಾಲೆ ಬರ್ರಿ. ನೀವು ಕೆಳಗ, ನಾ ಮ್ಯಾಲೆ ಕುಂದರೂದು ಚಂದ ಅಲ್ಲ."

ರಾಯರು ಗಾಬರಿಯಾಗಿ ನನ್ನತ್ತ ನೋಡಿದರು. ಕುರ್ಚಿಯ ಖಾತೆ ನನ್ನದೇ ತಾನೆ? ಓಡಿಹೋಗಿ ಒಂದನ್ನು ವೇದಿಕೆಗೆ ಏರಿಸಿದೆ. ಸಂಘದಲ್ಲಿ ನಾನು ಮಾಡಿದ ಅತಿ ದೊಡ್ಡ ಕೆಲಸ ಅದೇ.

ಎರಡು ಮಾತು ಆಡಿ ಎಂದಾಗ ಸಾಹೇಬರು ಮೈಕಿನಿಂದ ಮಾರು ದೂರ ನಿಂತು ಹೇಳಿದರು: "ಹೋಗುವಾಗ ಎಷ್ಟು ಗುಂಡು ಎಣಿಸಿ ಕೊಟ್ಟಿದ್ರೋ, ಬರುವಾಗ ಅಷ್ಟೂ ಎಣಿಸಿ ವಾಪಸ್ ಕೊಟ್ಟೆ. ನನ್ನ ಪರಾಕ್ರಮ ಅಷ್ಟs ನೋಡ್ರಿ."

ಮೊದಲು ಚಪ್ಪಾಳೆ ತಟ್ಟಿದವನು ಬಸವರಾಜ, ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. ರಾಯರು ತಮಗೆ ಹೊದಿಸಿದ್ದ ಶಾಲನ್ನೇ ತೆಗೆದು ಸಾಹೇಬರಿಗೆ ಹೊದಿಸಿದರು. ನೋಡಿ, ರಾಯರೂ ಕೆಟ್ಟವರಲ್ಲ.

ಮರಳುವಾಗ ಟ್ರೇನಿನಲ್ಲಿ ಧಡೂತಿಯೊಬ್ಬ ನನ್ನ ಕಾಲು ತುಳಿದ. ಮರಾಠಿಯಲ್ಲಿ ನನಗೆ ಚೆನ್ನಾಗಿ ಬರುವುದು ಬೈಗುಳಗಳಷ್ಟೆ. ನಾಲ್ಕೈದು ನಾಲಗೆಯ ತುದಿಗೆ ಬಂದು ನಿಂತವು. ಪಕ್ಕದಲ್ಲಿ ಸಾಹೇಬರಿದ್ದರು. ಅಷ್ಟನ್ನೂ ನುಂಗಿ, ಅವನಿಗೆ ನಿಲ್ಲಲು ಇನ್ನಷ್ಟು ಜಾಗ ಬಿಟ್ಟೆ. ಮೂರು ತಿಂಗಳು ಹೀಗೇ ಇರಬಲ್ಲೆನೇ ಎಂದು ಲೆಕ್ಕ ಹಾಕತೊಡಗಿದೆ. ಗೋರೆಗಾಂವಿನವರೆಗೆ ಇದ್ದರೂ ದೊಡ್ಡದು ಅನ್ನಿಸಿತು.