417 ಯಾರ ನಂಬರು

ಬೆಂಗಳೂರಿನ ಹುಡುಗರ ಬ್ಯಾಗಿನ ಮೇಲೆ 417 ಎಂಬ ಕೆಂಪು ಸ್ಟಿಕ್ಕರ್ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಒಬ್ಬನನ್ನು ನಿಲ್ಲಿಸಿ ಕೇಳಿಯೇಬಿಟ್ಟೆ, ಏನಪ್ಪಾ ಇದು ಅಂತ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಜಪಾನಿನ ಅನಿಮೆ ನೋಡದವರಿಗೆ ಅದು ಅರ್ಥವಾಗುವುದಿಲ್ಲ ಅಂದ. ನಾನು ಅನಿಮೆ ನೋಡಲು ಶುರು ಮಾಡಿದಾಗ ಈ ಮಹಾಶಯ ಇನ್ನೂ ಚಡ್ಡಿ ಹಾಕಿಕೊಂಡು ಅಂಗನವಾಡಿಗೆ ಹೋಗುತ್ತಿದ್ದಿರಬೇಕು. ಆ ನಂಬರು ಜಪಾನಿನದಲ್ಲ. ಅದು ಜಕ್ಕೂರು ಹಳೇ ಊರಿನ ಮುನಿಕೆಂಪಮ್ಮನವರದು.

ನಾವು ಅವರನ್ನು ಕೆಂಪಕ್ಕ ಎನ್ನುತ್ತೇವೆ. ಯಶವಂತಪುರದ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ಹತ್ತೊಂಬತ್ತು ವರ್ಷ ಹೊಲಿಗೆ ಹಾಕಿದವರು. ಬೆಳಿಗ್ಗೆ ಆರೂವರೆಗೆ ಜಕ್ಕೂರಿನಿಂದ ಹೊರಟು, ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸಿ, ದಿನವಿಡೀ ಯಾವುದೋ ದೇಶದ ಗಂಡಸರ ಶರ್ಟಿಗೆ ಬರೀ ತೋಳು ಕೂಡಿಸುವ ಕೆಲಸ. ಭಾನುವಾರ ಮನೆಯ ಮುಂದಿನ ಕೋಣೆಯಲ್ಲಿ ಊರಿನ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಗಂಡ ಪಿಳ್ಳಪ್ಪ ನಾವು ಅವರನ್ನು ಕಾಣುವ ಹೊತ್ತಿಗೇ ತೀರಿಹೋಗಿದ್ದರು, ಮಗಳು ಮದುವೆಯಾಗಿ ದೊಡ್ಡಬಳ್ಳಾಪುರ ಸೇರಿದ್ದಳು.

ನಾನು ಐಶ್ವರ್ಯ. ಅಪ್ಪ ಕಾರ್ಖಾನೆ ಕೆಲಸಕ್ಕೆ ಬಿಜಾಪುರದ ಕಡೆಯಿಂದ ಯಲಹಂಕಕ್ಕೆ ಬಂದವರು. 2009ರಲ್ಲಿ ನಾನು ಕಾಲೇಜಿನಲ್ಲಿದ್ದೆ. ಅನಿಮೆ ನೋಡುವವರು ಇಡೀ ಕಾಲೇಜಿಗೆ ಇಬ್ಬರೇ: ನಾನು, ಮತ್ತೆ ಅಲ್ಲಾಳಸಂದ್ರದ ಪುನೀತ್. ಅನಿಮೆ ತುಂಬಿದ ಒಂದು ಹಾರ್ಡ್ ಡಿಸ್ಕ್ ಇತ್ತು. ಅದು ಆರ್.ಟಿ. ನಗರದಿಂದ ಯಲಹಂಕದವರೆಗೆ ಕೈಯಿಂದ ಕೈಗೆ ತಿರುಗುತ್ತಿತ್ತು. ಕ್ಲಾಸಿನವರು ನಮ್ಮನ್ನು 'ಕಾರ್ಟೂನು' ಅಂತಲೇ ಕರೆಯುತ್ತಿದ್ದರು. ಮನೆಯಲ್ಲಿ ಅವ್ವ, "ಇಷ್ಟ್ ದೊಡ್ಡಾಕಿ ಆಗಿ ಇನ್ನಾ ಕಾರ್ಟೂನ್ ನೋಡ್ತಿಯಲ್ಲ, ನಿನ್ನ ಯಾರ್ ಮದ್ವಿ ಆಗ್ತಾರ?" ಎಂದು ತಲೆ ಚಚ್ಚಿಕೊಳ್ಳುತ್ತಿದ್ದಳು.

ಮರುವರ್ಷ ನಮ್ಮಂಥವರು ಮೂವತ್ತು ಜನ ಸೇರಿ ಒಂದು ಸಭೆ ಮಾಡೋಣ, ಇಷ್ಟದ ಪಾತ್ರದ ವೇಷ ಹಾಕೋಣ ಎಂದಾಯಿತು. ಪುನೀತನಿಗೆ ಒಬ್ಬ ಕತ್ತಿವೀರನ ಉದ್ದ ಕಪ್ಪು ಕೋಟು ಬೇಕಿತ್ತು. ಯಲಹಂಕದ ಟೈಲರುಗಳೆಲ್ಲ ಚಿತ್ರ ನೋಡಿ ನಕ್ಕು, ನಾಟಕದ ಡ್ರೆಸ್ಸು ಬಾಡಿಗೆಗೆ ತಗೊಳ್ಳಿ ಎಂದು ಕಳಿಸಿದರು. ಯಾರೋ ಕೆಂಪಕ್ಕನ ಮನೆ ತೋರಿಸಿದರು. ಅವರು ನಗಲಿಲ್ಲ. ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಪ್ರಶ್ನೆ ಕೇಳಿದರು.

"ಈ ಉಡ್ಗ ಕೈ ಎತ್ತಿ ಒಡೀತಾನಾ, ಇಲ್ಲಾ ಸುಮ್ನೆ ನಿಂತಿರ್ತಾನಾ?"

"ಯಾಕೆ ಕೆಂಪಕ್ಕ?"

"ಕೈ ಎತ್ತೋನಾದ್ರೆ ಕಂಕುಳ ಬೇರೆ ತರ ಕತ್ತರಿಸ್ಬೇಕು ಕಣಮ್ಮ. ಇಲ್ದಿದ್ರೆ ಮೊದಲ್ನೇ ಏಟಿಗೇ ಅರಿದೋಯ್ತದೆ."

ಲ್ಯಾಪ್‌ಟಾಪು ತೆಗೆದು ಅವನ ಹೊಡೆದಾಟ ತೋರಿಸಿದೆವು. ನಾಲ್ಕು ಸಲ ನೋಡಿದರು. ಐದನೆಯ ಸಲ, ಇವನು ಯಾಕೆ ಇಷ್ಟು ಕೋಪದಲ್ಲಿದ್ದಾನೆ ಅಂತ ಕೇಳಿದರು. ಹೇಳಲು ಹೋದರೆ ಮೊದಲಿನಿಂದ ತೋರಿಸಬೇಕಾಯಿತು. ಹಾಗೆ ಭಾನುವಾರ ಭಾನುವಾರ ಕೂತು, ನಾನು ಪಕ್ಕದಲ್ಲಿ ಕನ್ನಡದಲ್ಲಿ ಹೇಳುತ್ತಾ, ಅವರು ಕಾಜಾ ಹಾಕುತ್ತಾ ಆ ಸರಣಿಯನ್ನು ಪೂರ್ತಿ ನೋಡಿ ಮುಗಿಸಿದರು. "ಇವ್ನಿಗೆ ಯಾರೂ ಒಂದೊತ್ತು ಊಟ ಆಕಲ್ವಾ?" ಎಂದು ಒಂದು ದಿನ ನಿಜವಾಗಿಯೂ ಕಣ್ಣೊರೆಸಿಕೊಂಡರು.

ಕೋಟು ಬಂತು. ಒಳಗೆ, ಎಡಪಕ್ಕದ ಹೊಲಿಗೆಯ ಹತ್ತಿರ, ಕೆಂಪು ದಾರದಲ್ಲಿ ಸಣ್ಣದಾಗಿ 417 ಎಂದು ಹೊಲಿದಿತ್ತು. ಏನಿದು ಎಂದು ಕೇಳಿದ್ದಕ್ಕೆ ಕೆಂಪಕ್ಕ ನಾಚಿಕೊಂಡರು.

"ಅಭ್ಯಾಸ ಕಣಮ್ಮ. ಪ್ಯಾಕ್ಟ್ರೀಲಿ ಅದು ನನ್ನ ಟೋಕನ್ ನಂಬರು. ಒಲಿಗೆ ಬಿಚ್ಕೊಂಡ್ರೆ ಆ ನಂಬರ್ ಯಾರ್ದು ಅಂತ ನೋಡಿ ಕರೆಸ್ತಾರೆ, ಎಲ್ರ ಮುಂದೆ ಬೈತಾರೆ. ಚೆನ್ನಾಗಿದ್ರೆ ಯಾರೂ ಕರೆಸಾಕಿಲ್ಲ."

ನಮ್ಮ ಸಭೆಯಲ್ಲಿ ಒಂದು ಪದ್ಧತಿ ತಾನಾಗಿ ಹುಟ್ಟಿತು. ವೇಷ ಹಾಕಿದವರು ನಡೆದು ತೋರಿಸಿದ ಮೇಲೆ, ಬಟ್ಟೆಯ ಒಳಮಗ್ಗಲು ತಿರುಗಿಸಿ ಯಾರು ಯಾರು ಕೈ ಹಾಕಿದರೋ ಅವರ ಹೆಸರು ಹೇಳಬೇಕು. ಸ್ಪಂಜಿನ ಕತ್ತಿ ಕೊರೆದವನು, ಕೂದಲಿಗೆ ಬಣ್ಣ ಹಚ್ಚಿದ ಅಕ್ಕ, ಹೀಗೆ. ಇದನ್ನು ಶುರು ಮಾಡಿದವನೇ ಪುನೀತ್. ಅವತ್ತು ಕೋಟು ತಿರುಗಿಸಿ ಆ ಕೆಂಪು ನಂಬರು ಎತ್ತಿ ಹಿಡಿದು, "ನಾನೂರ ಹದಿನೇಳು ಯಾರ್ದು ಅಂದ್ರೆ, ನಮ್ ಕೆಂಪಕ್ಕಂದು!" ಎಂದು ಕೂಗಿದ. ಹಿಂದಿನ ಸಾಲಿನಲ್ಲಿ ಟಿಫಿನ್ ಬ್ಯಾಗು ಹಿಡಿದು ಕೂತಿದ್ದ ಕೆಂಪಕ್ಕನನ್ನು ಮೂವತ್ತೂ ಜನ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆದರು. ಮನೆಗೆ ಹೋಗುವಾಗ ಅವರು, "ನನ್ನ ನಂಬರ್ ಕೂಗಿ ಬೈಯ್ದೇ ಇದ್ದಿದ್ದು ಇದೇ ಮೊದ್ಲು" ಅಂದರು.

ಆಮೇಲಿನದು ಎಲ್ಲರಿಗೂ ಗೊತ್ತು. ಮೊಬೈಲಿನಲ್ಲೇ ಎಲ್ಲ ಸಿಗುವಂತಾಯಿತು. ನಮ್ಮನ್ನು ಕಾರ್ಟೂನು ಎಂದವರೇ ಮಾಲಿನಲ್ಲಿ ಅನಿಮೆ ಟೀ ಶರ್ಟು ಕೊಂಡು ತೊಟ್ಟರು. ಜನ ಹೆಚ್ಚಾದರು ಎಂದು ನನಗೆ ಸಿಟ್ಟಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮಾಕಳಿಯಿಂದ ಎರಡು ಬಸ್ಸು ಹತ್ತಿ ಬರುವ ಹುಡುಗಿಯರನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ. ಆದರೆ ಮೂವತ್ತು ಜನರ ಸಭೆ ಮೂರು ಸಾವಿರ ಜನರ ಜಾತ್ರೆಯಾದಾಗ ಸ್ಪಾನ್ಸರುಗಳು ಬಂದರು, ತೀರ್ಪುಗಾರರು ಬಂದರು, ಗೆದ್ದವರಿಗೆ ವಿದೇಶದ ಫೈನಲ್ಲು ಬಂತು. ಒಳಮಗ್ಗಲು ತೋರಿಸಿ ಹೆಸರು ಹೇಳುವುದಕ್ಕೆ ಸ್ಟೇಜಿನ ಮೇಲೆ ಸಮಯವಿಲ್ಲ ಅಂದರು. ಬದಲಿಗೆ ಹೊಸ ನಿಯಮ ಮಾಡಿದರು: ವೇಷವನ್ನು ಧರಿಸಿದವರೇ ಹೊಲಿದಿರಬೇಕು.

ಪುನೀತ್ ಆ ಹೊತ್ತಿಗೆ ಇನ್‌ಸ್ಟಾಗ್ರಾಮಿನಲ್ಲಿ ದೊಡ್ಡ ಮನುಷ್ಯನಾಗಿದ್ದ. ಅವನ ಒಂದೊಂದು ವೇಷವೂ ಕೆಂಪಕ್ಕನದೇ. ಅವರು ಫ್ಯಾಕ್ಟರಿ ಬಿಟ್ಟು ಮೂರು ವರ್ಷವಾಗಿತ್ತು, ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. 2018ರ ಡಿಸೆಂಬರಿನ ಸ್ಪರ್ಧೆಗೆ ಅವನು ಅದೇ ಕತ್ತಿವೀರನ ಕೋಟನ್ನು ಹೊಸದಾಗಿ, ಇನ್ನೂ ಭಾರಿಯಾಗಿ ಹೊಲಿಸಿದ. ಐದು ವಾರ ಹಿಡಿಯಿತು. ಕಾಲರನ್ನು ಅವರು ಮೂರು ಸಲ ಬಿಚ್ಚಿ ಮತ್ತೆ ಕೂಡಿಸಿದ್ದನ್ನು ನಾನೇ ಕಂಡಿದ್ದೇನೆ. ನನಗೂ ಅವರಿಗೂ ಪಾಸು ಕೊಟ್ಟವನು ಪುನೀತನೇ. ಹೊಸ ನಿಯಮದ ವಿಷಯ ಮಾತ್ರ ಬಾಯಿ ಬಿಡಲಿಲ್ಲ.

ತುಮಕೂರು ರಸ್ತೆಯ ಕಡೆ ಒಂದು ದೊಡ್ಡ ಹಾಲು. ಕೆಂಪಕ್ಕ ಮಗಳ ಮದುವೆಯ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದರು. ಸ್ಟೇಜಿನ ಮೇಲೆ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಮುಂಬೈಯಿಂದ ಬಂದಿದ್ದ ತೀರ್ಪುಗಾರ್ತಿ ಪುನೀತನ ಕೋಟು ಮುಟ್ಟಿ ನೋಡಿ, ಇಷ್ಟು ಚೆಂದ ಹೊಲಿದವರು ಯಾರು ಎಂದು ಕೇಳಿದಳು. ನಾನೇ, ಮೂರು ತಿಂಗಳು ಹಿಡಿಯಿತು ಅಂದ. ಅವಳು ಒಳಮಗ್ಗಲು ತಿರುಗಿಸಿ, ಈ 417 ಏನು ಎಂದು ಕೇಳಿದಳು. ಕ್ಯಾಮೆರಾ ಹತ್ತಿರ ಹೋಯಿತು. ಹಿಂದಿನ ದೊಡ್ಡ ಪರದೆಯ ಮೇಲೆ ಆ ಕೆಂಪು ದಾರ ಆಳೆತ್ತರಕ್ಕೆ ಕಾಣಿಸಿತು.

ಅವನು ನಗುತ್ತಾ, ಅದು ಈ ಪಾತ್ರದ ಜೈಲಿನ ನಂಬರು, ನಿಜವಾದ ಅಭಿಮಾನಿಗಳಿಗೆ ಮಾತ್ರ ಗೊತ್ತು ಅಂದ.

ಹಾಲಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿರಲು ಅಂಥದ್ದು ಇದ್ದರೆ ತಾನೇ? ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಆ ಮೂರು ಸಾವಿರ ಜನರಲ್ಲಿ ಒಬ್ಬರಿಗೂ ಇರಲಿಲ್ಲ. ನನ್ನ ಮುಂದೆ ಕೂತವನು ಪಕ್ಕದವನಿಗೆ, "ನಂಗ್ ಮೊದ್ಲೇ ಗೊತ್ತಿತ್ತು ಮಗಾ" ಅಂದ. ಚಪ್ಪಾಳೆ ಬಿತ್ತು. ಆಮೇಲೆ ಇಡೀ ಹಾಲು ಫೋರ್ ಒನ್ ಸೆವೆನ್, ಫೋರ್ ಒನ್ ಸೆವೆನ್ ಎಂದು ಕೂಗತೊಡಗಿತು.

ಕೆಂಪಕ್ಕನಿಗೆ ಇಂಗ್ಲಿಷ್ ಬಾರದು. ಆದರೆ ಹತ್ತೊಂಬತ್ತು ವರ್ಷ ಸೂಪರ್‌ವೈಸರುಗಳು ಇಂಗ್ಲಿಷಿನ ಆ ಮೂರು ಅಂಕಿಗಳಿಂದಲೇ ಅವರನ್ನು ಕರೆದಿದ್ದರು. ಸೆರಗು ಸರಿ ಮಾಡಿಕೊಂಡು ಅವರು ಎದ್ದು ನಿಂತರು. ಸ್ಟೇಜಿನ ಕಡೆಗೆ ಕೈ ಮುಗಿದರು.

ಪುನೀತ್ ನೋಡಿದ. ನೋಡಿ ಮುಖ ತಿರುಗಿಸಿಕೊಂಡ. ಹಿಂದಿನಿಂದ ಯಾರೋ, "ಆಂಟಿ, ಕೂತ್ಕೊಳ್ರೀ, ಕಾಣ್ತಿಲ್ಲ" ಎಂದು ರೇಗಿದರು.

"ಕರೀತಾವ್ರಲ್ಲಮ್ಮ?" ಎಂದು ಕೆಂಪಕ್ಕ ನನ್ನನ್ನು ಕೇಳಿದರು.

ನಾನು ಅವರ ಕೈ ಹಿಡಿದು ಕೂರಿಸಿದೆ. ಸ್ಟೇಜಿಗೆ ನುಗ್ಗಿ ಮೈಕು ಕಿತ್ತುಕೊಳ್ಳಬೇಕಿತ್ತು. ಬಾಯಿ ಸತ್ತವಳ ಹಾಗೆ ಕೂತೆ. ಅವನ ಮೇಲೆ ಎಷ್ಟು ಸಿಟ್ಟಿದೆಯೋ ಆ ಒಂದು ನಿಮಿಷಕ್ಕಾಗಿ ನನ್ನ ಮೇಲೂ ಅಷ್ಟೇ ಇದೆ.

ಬಸ್ಸಿನಲ್ಲಿ ಎಲ್ಲ ಹೇಳಿದೆ. ಕೆಂಪಕ್ಕ ಕಿಟಕಿಯಾಚೆ ನೋಡುತ್ತಾ ಕೇಳಿಸಿಕೊಂಡರು. ಗೊರಗುಂಟೆಪಾಳ್ಯ ದಾಟಿದ ಮೇಲೆ, "ಆ ಉಡ್ಗ ಜೈಲಿಗೆ ಓಗೋದನ್ನ ನಾನೂ ನೋಡಿದ್ದೀನಲ್ಲಮ್ಮ, ಅಲ್ಲಿ ನಂಬರ್ ಎಲ್ಲಿತ್ತು?" ಅಂದರು. ಇಡೀ ಹಾಲಿನಲ್ಲಿ ಆ ಕಥೆಯನ್ನು ಕಣ್ಣಿಟ್ಟು ನೋಡಿದ್ದವರು ಅವರೊಬ್ಬರೇ.

ನಾನು ನಡೆದದ್ದನ್ನು ನಡೆದ ಹಾಗೇ ಇಂಟರ್‌ನೆಟ್ಟಿನಲ್ಲಿ ಬರೆದೆ. ಎರಡು ದಿನ ಉಗಿಸಿಕೊಂಡೆ. ಹಳಬರ ಹೊಟ್ಟೆಕಿಚ್ಚು ಅಂದರು, ಹೊಸಬರನ್ನು ಸಹಿಸದವಳು ಅಂದರು, ಯಾವುದೋ ಟೈಲರ್ ಆಂಟಿಯ ಕಟ್ಟುಕಥೆ ಅಂದರು. ಪುನೀತ್ ಒಂದಕ್ಷರ ಬರೆಯಲಿಲ್ಲ. ಸುಮ್ಮನಿದ್ದು ಮಹಾ ಸಜ್ಜನನಾದ. ಒಂದೇ ತಿಂಗಳಲ್ಲಿ 417ರ ಸ್ಟಿಕ್ಕರು, ಮಗ್ಗು, ಕೀ ಚೈನು ಬಂದವು. ಆ ನಂಬರಿನ ಗೂಢಾರ್ಥ ಬಿಡಿಸುವ ವಿಡಿಯೋಗಳೂ ಬಂದವು.

ಸಂಕ್ರಾಂತಿ ಕಳೆದ ಮೇಲೆ ಒಬ್ಬ ಹುಡುಗಿ ಕೆಂಪಕ್ಕನ ಮನೆ ಹುಡುಕಿಕೊಂಡು ಬಂದಳು. ನಾನೂ ಅಲ್ಲೇ ಇದ್ದೆ. ಕೋಟು ಬೇಕು, ಒಳಗೆ ಕೆಂಪು ದಾರದಲ್ಲಿ 417 ಇರಲೇಬೇಕು ಅಂದಳು. ಅದು ಯಾಕೆ ಎಂದು ಪಾಪ, ಬಹಳ ತಾಳ್ಮೆಯಿಂದ ಕೆಂಪಕ್ಕನಿಗೇ ವಿವರಿಸಿದಳು. ಕೆಂಪಕ್ಕ ಒಳಗೆ ಹೋಗಿ ಫ್ಯಾಕ್ಟರಿಯ ಹಳೇ ಕಾರ್ಡು ತಂದು ಮೇಜಿನ ಮೇಲಿಟ್ಟರು. ಅವರ ಫೋಟೋ, ಹೆಸರು, ಕೆಳಗೆ 417.

"ಅಯ್ಯೋ ಆಂಟಿ, ನಿಮ್ ಫೋಟೋ ಹಾಕ್ಸಿ ಮಾಡ್ಸಿದ್ದೀರಾ! ಸಖತ್ತಾಗಿದೆ. ಎಲ್ಲಿ ಮಾಡ್ಕೊಡ್ತಾರೆ? ನಂಗೂ ಒಂದ್ ಬೇಕು."

ನಾನು ಬೈಯಲು ಬಾಯಿ ತೆರೆದೆ. ಕೆಂಪಕ್ಕ ಕಣ್ಣಲ್ಲೇ ತಡೆದರು. ಅವಳ ಅಳತೆ ತೆಗೆದುಕೊಂಡರು, ಕೋಟು ಹೊಲಿದರು, ನಂಬರು ಹಾಕಲಿಲ್ಲ.

ಮಾರ್ಚಿನಲ್ಲಿ ಪುನೀತನೇ ಬಂದ. ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತ. ಡಿಸೆಂಬರಿನಲ್ಲಿ ಗೆದ್ದದ್ದಕ್ಕೆ ಸಿಕ್ಕಿದ್ದ ವಿದೇಶದ ಫೈನಲ್ಲಿಗೆ ಹತ್ತು ದಿನವಿತ್ತು. ಯಾವುದೋ ಜಾಹೀರಾತಿನ ಶೂಟಿಂಗಿನಲ್ಲಿ ಕೋಟನ್ನು ಬೇರೊಬ್ಬ ದಪ್ಪ ಮನುಷ್ಯನಿಗೆ ತೊಡಿಸಿ ಬಲಗಂಕುಳು ಹರಿಸಿಕೊಂಡಿದ್ದ. ನಾನು ಅವನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಅದನ್ನೆಲ್ಲ ಇಲ್ಲಿ ಬರೆಯಲಾಗುವುದಿಲ್ಲ. ಅವನು ತಲೆ ತಗ್ಗಿಸಿ, "ರೂಲ್ ಹಂಗಿತ್ತು ಐಶು. ನಿಜ ಹೇಳಿದ್ರೆ ಡಿಸ್ಕ್ವಾಲಿಫೈ ಮಾಡ್ತಿದ್ರು" ಅಂದ.

ಕೆಂಪಕ್ಕ ಕೋಟು ತೆಗೆದುಕೊಂಡು ಒಳಮಗ್ಗಲು ತಿರುಗಿಸಿದರು. ಹರಿದ ಕಡೆ ನೋಡಲೇ ಇಲ್ಲ. ನಂಬರಿನ ಮೇಲೆ ಬೆರಳಿಟ್ಟರು.

"ಒಲಿಗೆ ಬಿಚ್ಕೊಂಡೈತೆ. ಈ ನಂಬರ್ ಯಾರ್ದಪ್ಪ?"

"ಕೆಂಪಕ್ಕ, ಪ್ಲೀಸ್..."

"ಯಾರ್ದು ಅಂತ ಕೇಳ್ದೆ. ಬೈಯಾಕೆ ಯಾರ್ನ ಕರೆಸ್ಲಿ?"

"ನಿಮ್ದು" ಅಂದ.

"ಗಟ್ಟಿಯಾಗ್ ಯೋಳು. ಅವತ್ತು ಮೈಕಲ್ಲಿ ಯೋಳ್ದಂಗೆ."

"ನಿಮ್ದು ಕೆಂಪಕ್ಕ."

ಕೇಳಿಸಿಕೊಳ್ಳಲು ಅಲ್ಲಿದ್ದವರು ನಾನು ಮತ್ತು ಆ ಹೊಲಿಗೆ ಮೆಷಿನ್ನು. ಕೆಂಪಕ್ಕ ದಾರ ಕತ್ತರಿಸುವ ಟ್ರಿಮ್ಮರು ತೆಗೆದುಕೊಂಡು ನಾಲ್ಕು, ಒಂದು, ಏಳು ಎಲ್ಲವನ್ನೂ ಒಂದೊಂದೇ ಎಳೆಯಾಗಿ ಬಿಚ್ಚಿದರು. ಆಮೇಲೆ ಕಂಕುಳನ್ನು ಎಂದಿನಂತೆ ಗಟ್ಟಿಯಾಗಿ ಕೂಡಿಸಿಕೊಟ್ಟರು.

"ನಂಬರ್ ಇಲ್ದಿದ್ರೆ ಜನ ಕೇಳ್ತಾರೆ ಕೆಂಪಕ್ಕ. ಎಲ್ಲಾರೂ ಅದನ್ನೇ ನೋಡೋದು."

"ಕೇಳ್ಲಿ. ಅವಾಗ ಯೋಳು. ಓಗಿಟ್ ಬಾ."

ಹತ್ತು ದಿನ ಕಾದೆವು. ಹೇಳುತ್ತಾನೇನೋ ಎಂದು ಕೆಂಪಕ್ಕನಿಗೆ ಆಸೆಯಿತ್ತು. ಅವರು ಬಾಯಿ ಬಿಟ್ಟು ಹೇಳದಿದ್ದರೂ ದಿನಾ ಸಂಜೆ, "ಏನಾರ ಬಂತಾ?" ಎಂದು ಫೋನು ಮಾಡುತ್ತಿದ್ದರು. ಕೊನೆಗೆ ಫೋಟೋ ಬಂತು. ಪುನೀತ್ ಯಾವುದೋ ದೇಶದ ಸ್ಟೇಜಿನ ಮೇಲೆ ಕೋಟಿನ ಒಳಮಗ್ಗಲು ಬಿಡಿಸಿ ಹಿಡಿದು ನಿಂತಿದ್ದಾನೆ. ಅದೇ ಜಾಗದಲ್ಲಿ ಕೆಂಪು ದಾರದಲ್ಲಿ 417. ಸೊಟ್ಟಗೆ, ಒಂದು ಟಾಕಾ ಉದ್ದ, ಒಂದು ಗಿಡ್ಡ. ಆ ಕೋಟಿನಲ್ಲಿ ಅವನು ನಿಜವಾಗಿ ಹೊಲಿದದ್ದು ಅಷ್ಟೇ.

ಜಕ್ಕೂರಿಗೆ ಹೋಗಿ ಕೆಂಪಕ್ಕನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಫೋಟೋವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ, ಫ್ಯಾಕ್ಟರಿಯ ಚೆಕ್ಕರಂತೆ ಬಹಳ ಹೊತ್ತು ನೋಡಿದರು.

"ಕೊನೇಗೆ ಗಂಟೇ ಆಕಿಲ್ಲ" ಅಂದರು. "ಎಲ್ಡ್ ಸಲ ಆಕ್ಕೊಂಡ್ರೆ ಬಿಚ್ಕೊಳ್ತದೆ."

ಫೋನು ನನ್ನ ಕೈಗೆ ಕೊಟ್ಟು, ಯಾರದೋ ರವಿಕೆಗೆ ತೋಳು ಕೂಡಿಸಲು ಕೂತರು.